ಹಳೆಯ ಡಯಲ್ ಫೋನನ್ನು ಇಂದಿನ ಫೈಬರ್ ಲೈನಿಗೆ ಹಚ್ಚುವುದು ಹೇಗೆ

ಬೆಂಗಳೂರಿನ ಹಳೆಯ ಮನೆಯ ಅಟ್ಟದಲ್ಲಿ ಬಟ್ಟೆ ಸುತ್ತಿಟ್ಟ ಡಯಲ್ ಫೋನು ಸಿಕ್ಕರೆ ಅದನ್ನು ಮಗುಚಿ ತಳ ನೋಡಿ. ಬಹುಮಟ್ಟಿಗೆ ಐಟಿಐ ಎಂಬ ಮೂರಕ್ಷರ ಇರುತ್ತದೆ. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ 1948ರಲ್ಲಿ ಶುರುವಾದದ್ದು ಇದೇ ಊರಿನಲ್ಲಿ. ಹಳೆ ಮದ್ರಾಸ್ ರಸ್ತೆ ಪಕ್ಕದ ಆ ಕಾರ್ಖಾನೆಯ ಊರಿಗೆ ದೂರವಾಣಿನಗರ ಅಂತಲೇ ಹೆಸರಾಯಿತು. ಅಲ್ಲಿ ತಯಾರಾದ ಫೋನುಗಳ ಒಳಗಿನ ಸಾಮಾನು ಕಿತ್ತು ಟೇಬಲ್ ಲ್ಯಾಂಪ್ ಮಾಡುವವರು ಈಗ ಹೆಚ್ಚಾಗಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಐವತ್ತು ವರ್ಷದ ಫೋನನ್ನೂ ಇಂದಿನ ಫೈಬರ್ ಸಂಪರ್ಕಕ್ಕೆ ಹಚ್ಚಿ ಗಂಟೆ ಬಾರಿಸಬಹುದು, ಮಾತಾಡಬಹುದು. ಇನ್ನೊಂದಿಷ್ಟು ಶ್ರಮಪಟ್ಟರೆ ಡಯಲ್ ತಿರುಗಿಸಿ ಕರೆ ಮಾಡಲೂಬಹುದು. ಅದರೊಳಗಿನ ಒಂದೊಂದು ಭಾಗವೂ ಆ ಕಾಲದ ಎಕ್ಸ್‌ಚೇಂಜಿನ ಒಂದೊಂದು ಅಗತ್ಯಕ್ಕಾಗಿ ಹುಟ್ಟಿದ್ದು. ಆ ಅಗತ್ಯ ಗೊತ್ತಿದ್ದರೆ ರಿಪೇರಿ ಸುಲಭ. ಗೊತ್ತಿಲ್ಲದೆ ಕೈಹಾಕಿದರೆ ಸರಿಯಿದ್ದದ್ದೂ ಕೆಡುತ್ತದೆ.

ಎರಡು ತಂತಿಯ ಲೆಕ್ಕ

ಈ ಫೋನಿಗೆ ಬೇಕಾದ್ದು ಎರಡೇ ತಂತಿ. ಆ ಎರಡರ ಮೇಲೆಯೇ ಕರೆಂಟು ಬರುತ್ತದೆ, ಮಾತು ಹೋಗುತ್ತದೆ ಬರುತ್ತದೆ, ನಂಬರು ಹೋಗುತ್ತದೆ, ಗಂಟೆ ಬಾರಿಸುವ ವಿದ್ಯುತ್ತೂ ಬರುತ್ತದೆ. ರಿಸೀವರ್ ಕೆಳಗಿದ್ದಾಗ ತಂತಿಗಳ ನಡುವೆ ಸುಮಾರು 48 ವೋಲ್ಟ್ ಡಿಸಿ. ಎತ್ತಿದಾಗ ಫೋನಿನ ಮೂಲಕ 20ರಿಂದ 40 ಮಿಲಿಯಾಂಪ್ ಹರಿಯುತ್ತದೆ, ವೋಲ್ಟೇಜು ಹತ್ತರ ಆಸುಪಾಸಿಗೆ ಇಳಿಯುತ್ತದೆ. ಕರೆಂಟು ಹರಿಯಿತು ಅಂದರೆ ಯಾರೋ ಫೋನ್ ಎತ್ತಿದ್ದಾರೆ ಅಂತ ಎಕ್ಸ್‌ಚೇಂಜಿಗೆ ಗೊತ್ತಾಗುತ್ತದೆ. ಗಂಟೆ ಬಾರಿಸಲು ಎಕ್ಸ್‌ಚೇಂಜು ಸೆಕೆಂಡಿಗೆ 25 ಆವರ್ತನೆಯ, ಸುಮಾರು 75 ವೋಲ್ಟಿನ ಎಸಿ ಕಳಿಸುತ್ತಿತ್ತು. ತಂತಿ ಕೈಯಲ್ಲಿ ಹಿಡಿದಿರುವಾಗ ಕರೆ ಬಂದರೆ ಚೆನ್ನಾಗಿಯೇ ಜುಮ್ಮೆನ್ನಿಸುತ್ತದೆ. ಹಾಗಾಗಿ ಮುಚ್ಚಳ ಬಿಚ್ಚುವ ಮುಂಚೆ ಲೈನು ಕಿತ್ತಿಡಿ.

ಆ 48 ವೋಲ್ಟ್ ಬರುತ್ತಿದ್ದದ್ದು ಎಕ್ಸ್‌ಚೇಂಜಿನ ಲೆಡ್ ಆಸಿಡ್ ಬ್ಯಾಟರಿಗಳಿಂದ. ಎರಡು ವೋಲ್ಟಿನ 24 ಸೆಲ್ಲುಗಳನ್ನು ಸಾಲಾಗಿ ಜೋಡಿಸಿ, ಧನ ತುದಿಯನ್ನು ಭೂಮಿಗೆ ಕೊಟ್ಟಿರುತ್ತಿದ್ದರು. ತಂತಿಗಳು ಭೂಮಿಗಿಂತ ಋಣದಲ್ಲಿದ್ದರೆ ಒದ್ದೆ ನೆಲದಲ್ಲಿ ಹೂತ ತಾಮ್ರ ಕರಗಿಹೋಗುವುದಿಲ್ಲ ಎಂಬುದೇ ಅದಕ್ಕೆ ಕಾರಣ. ಮನೆಯಲ್ಲಿ ಕರೆಂಟ್ ಹೋದರೂ ಫೋನು ನಡೆಯುತ್ತಿದ್ದದ್ದು ಈ ಬ್ಯಾಟರಿಗಳ ಪುಣ್ಯ. ಫೈಬರಿನಲ್ಲಿ ಬರುವುದು ಬೆಳಕು ಮಾತ್ರ. 48 ವೋಲ್ಟನ್ನು ಈಗ ನಿಮ್ಮ ಮನೆಯಲ್ಲಿ ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆಯೇ ತಯಾರಿಸಬೇಕು. ಅದಕ್ಕೊಂದು ಚಿಕ್ಕ ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣ ಫೋನೂ ಸತ್ತಂತೆಯೇ. ಯುಪಿಎಸ್ ಕೊಳ್ಳುವಾಗ ಓಎನ್‌ಟಿ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪ್ ನೋಡಿಕೊಂಡು ಹೋಗಿ. ಹೆಚ್ಚಿನವು 12 ವೋಲ್ಟಿನವು, ಆದರೆ ಎಲ್ಲವೂ ಅಲ್ಲ.

ಕೊಳ್ಳುವ ಮುಂಚೆ ಎರಡು ನಿಮಿಷದ ಪರೀಕ್ಷೆ

ಮನೆಯಲ್ಲಿ ಫೋನಿಲ್ಲದವರು ಚಿಕ್ಕಪೇಟೆ ಕಡೆಯ ಸಂಡೇ ಬಜಾರಿಗೋ ಗುಜರಿ ಅಂಗಡಿಗೋ ಹೋಗುತ್ತಾರೆ. ಅಲ್ಲಿ ಹಿತ್ತಾಳೆ ಬಣ್ಣದ, ಕೆತ್ತನೆಯ 'ಆಂಟಿಕ್' ಫೋನುಗಳೂ ಸಾಲಾಗಿ ಕೂತಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಹೊಸದಾಗಿ ಮಾಡಿದ ಅಲಂಕಾರದ ಸಾಮಾನು. ಎತ್ತಿ ನೋಡಿದರೆ ಹಗುರ, ಡಯಲಿನ ತೂತಿನಲ್ಲಿ ಒತ್ತುವ ಗುಂಡಿ. ನಿಜವಾದ ಡಯಲ್ ಫೋನಿಗೆ ತೂಕ ಇರುತ್ತದೆ, ಏಕೆಂದರೆ ಒಳಗೆ ಗಂಟೆಯ ಎರಡು ಲೋಹದ ಬಟ್ಟಲು, ತಾಮ್ರದ ಸುರುಳಿ, ಕಬ್ಬಿಣದ ತಳ ಎಲ್ಲ ಇವೆ.

ಜೇಬಿನಲ್ಲಿ ಮಲ್ಟಿಮೀಟರ್ ಇರಲಿ. ಲೈನಿನ ಎರಡು ತಂತಿಗೆ ಅದನ್ನು ಓಮ್‌ನಲ್ಲಿಟ್ಟು ಹಚ್ಚಿ. ರಿಸೀವರ್ ಕೆಳಗಿದ್ದಾಗ ಮುಳ್ಳು ಅಥವಾ ಅಂಕಿ ಒಮ್ಮೆ ಹಾರಿ ಮತ್ತೆ ಅನಂತಕ್ಕೆ ಹೋಗಬೇಕು. ಡಿಸಿಯನ್ನು ತಡೆದು ಗಂಟೆಯ ಎಸಿಯನ್ನು ಮಾತ್ರ ಬಿಡುವ ಕೆಪಾಸಿಟರ್ ತುಂಬಿಕೊಂಡು ನಿಂತಿತು ಎಂದರ್ಥ. ಸುಮಾರು 1000 ಓಮ್ ಎಂದು ನಿಂತುಬಿಟ್ಟರೆ ಕೆಪಾಸಿಟರ್ ಶಾರ್ಟ್ ಆಗಿದೆ, ಕಾಣುತ್ತಿರುವುದು ಗಂಟೆಯ ಸುರುಳಿ. ಇದು ಸರಿಮಾಡಬಹುದಾದ ದೋಷ, ಬೆಲೆ ಇಳಿಸಿ ತನ್ನಿ. ರಿಸೀವರ್ ಎತ್ತಿದಾಗ 100ರಿಂದ 400 ಓಮ್ ಒಳಗೆ ಬರಬೇಕು, ಮೌತ್‌ಪೀಸಿಗೆ ಊದಿದರೆ ಅಂಕಿ ಅಲುಗಾಡಬೇಕು. ಎತ್ತಿದರೂ ಅನಂತವೇ ಇದ್ದರೆ ಬಳ್ಳಿತಂತಿ ತುಂಡಾಗಿರಬಹುದು, ರಿಸೀವರ್ ಕೂರುವ ಕ್ರೇಡಲಿನ ಪಾಯಿಂಟು, ಅಂದರೆ ಕರೆಂಟು ಕೂಡಿಸಿ ಬಿಡಿಸುವ ಲೋಹದ ತುದಿ, ಕೊಳೆಯಾಗಿರಬಹುದು. ಎತ್ತಿದ ಸ್ಥಿತಿಯಲ್ಲೇ 0 ತಿರುಗಿಸಿ ಬಿಡಿ. ಡಯಲ್ ತಡೆಯಿಲ್ಲದೆ ಒಂದೇ ವೇಗದಲ್ಲಿ ಮರಳಬೇಕು. ಮಧ್ಯದಲ್ಲಿ ನಿಂತರೆ ಹೆಚ್ಚಾಗಿ ಒಣಗಿದ ಗ್ರೀಸು, ಅದೂ ಸರಿಹೋಗುತ್ತದೆ. ಸರಿಹೋಗದ್ದು ಎಂದರೆ ಬೇಕಲೈಟ್ ಕವಚದ ಬಿರುಕು, ಡಯಲಿನ ಮುರಿದ ಹಲ್ಲು, ಮೈಕಿನ ಮಾತನ್ನು ಲೈನಿಗೆ ದಾಟಿಸುವ ಇಂಡಕ್ಷನ್ ಸುರುಳಿ ಮಾಯವಾಗಿರುವುದು. ಈ ಮೂರರಲ್ಲಿ ಯಾವುದಿದ್ದರೂ ಬಿಟ್ಟು ಮುಂದೆ ಹೋಗಿ.

ಡಯಲಿನ ತೂತುಗಳನ್ನೂ ಗಮನಿಸಿ. ಯಾವುದೋ ಒಂದು ತೂತಿನ ಅಂಚು ಮಾತ್ರ ಸವೆದು ಹೊಳೆಯುತ್ತಿದ್ದರೆ ಅಲ್ಲಿ ವರ್ಷಗಟ್ಟಲೆ ಚಿಕ್ಕ ಬೀಗ ನೇತಾಡಿದೆ. ಬಿಲ್ ಏರದಂತೆ ಮನೆಯ ಹಿರಿಯರು ಹಾಕುತ್ತಿದ್ದ ಬೀಗ ಅದು. ಅದನ್ನು ಮೀರಿಸುವ ಉಪಾಯವೂ ಮಕ್ಕಳಿಗೆ ಗೊತ್ತಿತ್ತು. ಕ್ರೇಡಲ್ ಗುಂಡಿಯನ್ನು ಲಯವಾಗಿ ತಟ್ಟಿದರೆ ನಂಬರು ಹೋಗುತ್ತಿತ್ತು. ಏಕೆ ಎಂಬುದು ಡಯಲಿನ ಭಾಗಕ್ಕೆ ಬಂದಾಗ ತಿಳಿಯುತ್ತದೆ.

ಬಿಚ್ಚುವುದು, ಒರೆಸುವುದು

ತಳದ ಸ್ಕ್ರೂ ಸಡಿಲಿಸಿದರೆ ಕವಚ ಮೇಲೆದ್ದು ಬರುತ್ತದೆ. ಒಂದು ತಂತಿಯನ್ನೂ ಮುಟ್ಟುವ ಮೊದಲು ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ತಂತಿಯ ಬಣ್ಣವನ್ನು ನಂಬಬೇಡಿ. ಹಿಂದೆ ಲೈನ್‌ಮನ್ ಕೈಗೆ ಸಿಕ್ಕ ಬಣ್ಣ ಹಾಕಿರಬಹುದು, ಬಣ್ಣವೇ ಮಾಸಿರಬಹುದು. ಟರ್ಮಿನಲ್ ಅಂಕಿಯನ್ನು ನಂಬಿ. ಕೆಪಾಸಿಟರ್, ಡಯಲ್, ಮೈಕಿನ ಕ್ಯಾಪ್ಸೂಲ್ ಇವುಗಳ ಮೇಲೆ ತಯಾರಿಕೆಯ ಗುರುತು ಇದ್ದರೆ ಬರೆದುಕೊಳ್ಳಿ. ಮೂರರಲ್ಲೂ ಬೇರೆ ಬೇರೆ ವರ್ಷ ಕಂಡರೆ ಗಾಬರಿ ಬೇಡ. ಫೋನು ಆಗ ಟೆಲಿಫೋನ್ ಇಲಾಖೆಯ ಸ್ವತ್ತು. ಕೆಟ್ಟದ್ದನ್ನು ವಾಪಸ್ ತಂದು, ಸರಿಯಿದ್ದ ಭಾಗ ಹಾಕಿ ಇನ್ನೊಬ್ಬರ ಮನೆಗೆ ಕಳಿಸುತ್ತಿದ್ದರು.

ಧೂಳನ್ನು ಮೆತ್ತನೆ ಬ್ರಷ್ಷಿನಿಂದ ತೆಗೆಯಿರಿ. ಬೇಕಲೈಟ್ ಕವಚವನ್ನು ಸೋಪು ನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ ತಕ್ಷಣ ಒಣಗಿಸಿ. ನೀರಲ್ಲಿ ನೆನೆಹಾಕಬೇಡಿ, ಬಿಸಿಲಿಗಿಡಬೇಡಿ. ಮೇಲ್ಮೈ ಹೊಳಪು ಹೋಗಿ ಒಳಗಿನ ಮರದ ಪುಡಿ ನೀರು ಕುಡಿದರೆ ಬೂದು ಬಣ್ಣಕ್ಕೆ ತಿರುಗುತ್ತದೆ. ಹೊಳಪಿಗೆ ಲೋಹ ಉಜ್ಜುವ ಪಾಲಿಶ್ ಒಂದು ಚಿಟಿಕೆ ಸಾಕು. ನಂತರ ಬಂದ ಪ್ಲಾಸ್ಟಿಕ್ ಕವಚಗಳಿಗೆ ಅಸಿಟೋನ್ ಅಥವಾ ಉಗುರುಬಣ್ಣ ತೆಗೆಯುವ ದ್ರವ ತಾಗಿಸಲೇಬೇಡಿ, ಕರಗಿಹೋಗುತ್ತದೆ.

ಬಳ್ಳಿತಂತಿ

ಹೊಸಬರು ಕೆಡಿಸುವುದು ಇದನ್ನೇ. ಫೋನಿನ ಬಳ್ಳಿತಂತಿಯ ಒಂದು ಎಳೆ ಸುಲಿದು ಬೆಳಕಿಗೆ ಹಿಡಿಯಿರಿ. ಅಲ್ಲಿ ಕಾಣುವುದು ಸಾಮಾನ್ಯ ತಾಮ್ರದ ತಂತಿಯಲ್ಲ. ನಡುವೆ ನೂಲು, ಅದರ ಸುತ್ತ ಜರಿಯಂತೆ ಸುತ್ತಿದ ಕಾಗದದಷ್ಟು ತೆಳ್ಳನೆಯ ತಾಮ್ರದ ಪಟ್ಟಿ. ಸೀರೆಯ ಜರಿಯ ಹಾಗೇ. ದಿನಕ್ಕೆ ಹತ್ತು ಸಲ ಎಳೆದು ಬಗ್ಗಿಸಿದರೂ ತುಂಡಾಗಬಾರದು ಅಂತ ಹಾಗೆ ಮಾಡಿದ್ದು. ಇದಕ್ಕೆ ಬೆಸುಗೆ ಹಾಕಲು ಹೋದರೆ ನೂಲು ಸುಟ್ಟು ತಾಮ್ರ ಸಡಿಲವಾಗುತ್ತದೆ. ಒಂದೆರಡು ದಿನ ನಡೆದು ಕೈಕೊಡುತ್ತದೆ. ತುದಿಯ ಚಿಕ್ಕ ಲೋಹದ ಕವೆಯನ್ನು ಇಕ್ಕಳದಿಂದ ಒತ್ತಿ ಕೂರಿಸುವುದೇ ಸರಿಯಾದ ದಾರಿ. ಹಳೆಯ ಕವೆ ಕತ್ತರಿಸಿ ಬಿಸಾಡಬೇಡಿ. ಬೇಕಾದರೆ ಎಸ್‌ಪಿ ರಸ್ತೆಯಲ್ಲಿ ಅದೇ ಅಳತೆಯ ಲಗ್ ಸಿಗುತ್ತದೆ.

ಮಾತಿನ ಮಧ್ಯೆ ಕರಕರ ಶಬ್ದ, ಬಗ್ಗಿಸಿದರೆ ಸರಿಹೋಗುವುದು ಇವೆಲ್ಲ ಬಳ್ಳಿತಂತಿ ಒಳಗೆ ಮುರಿದಿರುವ ಲಕ್ಷಣ. ಮುರಿಯುವುದು ಸಾಮಾನ್ಯವಾಗಿ ಕವಚ ಅಥವಾ ರಿಸೀವರ್ ಒಳಗೆ ಹೊಕ್ಕುವ ಒಂದೆರಡು ಅಂಗುಲದಲ್ಲಿ. ಮೀಟರ್ ಹಚ್ಚಿ ಆ ಜಾಗ ಅಲುಗಿಸಿ ನೋಡಿ. ಅಲ್ಲೇ ಇದ್ದರೆ ಆ ತುದಿ ಕತ್ತರಿಸಿ ಹೊಸ ಕವೆ ಹಾಕಿದರಾಯಿತು. ಗೋಡೆಯ ಕಡೆಗೆ ಇಂದಿನ ಫೋನುಗಳ ಚಿಕ್ಕ ಪ್ಲಾಸ್ಟಿಕ್ ಪ್ಲಗ್, ಅಂದರೆ ಆರ್‌ಜೆ11, ಬೇಕಾದರೆ ಫೋನಿನ ತಂತಿಗೇ ಕ್ರಿಂಪ್ ಮಾಡಬೇಡಿ. ಸ್ಕ್ರೂ ಇರುವ ರೋಸೆಟ್ ಪೆಟ್ಟಿಗೆಯನ್ನು ಮಧ್ಯೆ ಇಟ್ಟು, ಅಲ್ಲಿಂದ ಆರ್‌ಜೆ11 ತಂತಿ ಎಳೆಯಿರಿ. ಪ್ಲಗ್ಗಿನ ನಡುವಿನ ಎರಡು ಪಿನ್ ಮಾತ್ರ ಬಳಕೆಯಾಗುತ್ತದೆ. ಯಾವುದು ಯಾವ ಕಡೆಗೆ ಎಂಬ ಭೇದ ಈ ಫೋನುಗಳಿಗಿಲ್ಲ.

ಕೆಪಾಸಿಟರ್, ಗಂಟೆ

ಲೋಹದ ಡಬ್ಬಿಯಲ್ಲಿರುವ ಕೆಪಾಸಿಟರ್ ಬಹುತೇಕ 2 ಮೈಕ್ರೋಫ್ಯಾರಡ್‌ನದು. ಒಳಗಿರುವುದು ಎಣ್ಣೆ ಅಥವಾ ಮೇಣ ಹೀರಿಸಿದ ಕಾಗದ. ಐವತ್ತು ಮಳೆಗಾಲ ಕಂಡ ಮೇಲೆ ಅದು ಸೋರುತ್ತದೆ, ಅಂದರೆ ಡಿಸಿಯನ್ನೂ ಸ್ವಲ್ಪ ಬಿಡತೊಡಗುತ್ತದೆ. ಕರೆ ಬಂದಾಗ ಗಂಟೆ ಅರ್ಧ ಬಾರಿಸಿ, ಎತ್ತದಿದ್ದರೂ ಕರೆ ತಾನೇ ಎತ್ತಿದಂತಾದರೆ ಮೊದಲ ಅನುಮಾನ ಇದರ ಮೇಲಿರಲಿ. ಸೋರಿದ ಕರೆಂಟನ್ನು ಓಎನ್‌ಟಿ 'ಫೋನ್ ಎತ್ತಿದರು' ಎಂದು ಓದಿಕೊಳ್ಳುತ್ತದೆ. ಒಂದು ತುದಿ ಬಿಚ್ಚಿ ಅಳೆಯಿರಿ. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಬದಲಿಸಿ.

ಬದಲಿಗೆ 250 ವೋಲ್ಟ್ ಅಥವಾ ಹೆಚ್ಚಿನ, 2.2 ಮೈಕ್ರೋಫ್ಯಾರಡ್‌ನ ಫಿಲ್ಮ್ ಕೆಪಾಸಿಟರ್ ಹಾಕಿ. ಧನ ಋಣ ಗುರುತಿರುವ ಎಲೆಕ್ಟ್ರೋಲಿಟಿಕ್ ಬೇಡ, ಗಂಟೆಯ ಎಸಿಗೆ ಅದು ಉಬ್ಬಿ ಒಡೆಯಬಹುದು. 1 ಮೈಕ್ರೋಫ್ಯಾರಡ್ ಹಾಕಿ ಅಡ್ಜಸ್ಟ್ ಮಾಡಲೂ ಹೋಗಬೇಡಿ. 25 ಆವರ್ತನೆಯಲ್ಲಿ 2 ಮೈಕ್ರೋಫ್ಯಾರಡ್ ಒಡ್ಡುವ ತಡೆ ಸುಮಾರು 3200 ಓಮ್, 1 ಆದರೆ ಅದರ ಎರಡು ಪಟ್ಟು. ಗಂಟೆ ಕುಗ್ಗುತ್ತದೆ. ಹಳೆ ಡಬ್ಬಿಯನ್ನು ಸಂಪರ್ಕ ಬಿಡಿಸಿ ಅಲ್ಲೇ ಬಿಡಿ, ಹೊಸದನ್ನು ಅದರ ಪಕ್ಕದಲ್ಲಿ ಕೂರಿಸಿ.

ಗಂಟೆಯ ಎರಡು ಬಟ್ಟಲುಗಳಿಗೆ ಎರಡು ಬೇರೆ ಸ್ವರ. ಅವನ್ನು ಬಿಗಿದ ಸ್ಕ್ರೂ ಬಟ್ಟಲಿನ ನಟ್ಟನಡುವೆ ಇರುವುದಿಲ್ಲ, ಸ್ವಲ್ಪ ಓರೆಗಿರುತ್ತದೆ. ಹಾಗಾಗಿ ಸ್ಕ್ರೂ ಸಡಿಲಿಸಿ ಬಟ್ಟಲು ತಿರುಗಿಸಿದರೆ ಅದು ನಾಲಿಗೆಗೆ ಹತ್ತಿರ ಬರುತ್ತದೆ ಅಥವಾ ದೂರ ಹೋಗುತ್ತದೆ. ನಾಲಿಗೆ ಬಟ್ಟಲಿಗೆ ಅಂಟಿ ನಿಲ್ಲಬಾರದು, ವೇಗದಲ್ಲಿ ಬಡಿದು ಹಿಂದೆ ಸರಿಯಬೇಕು. ಅಂಟಿ ನಿಂತರೆ ಗಂಟೆಯ ಬದಲು ತಗಡು ಬಡಿದ ಸದ್ದು ಬರುತ್ತದೆ. ನಾಲಿಗೆಯನ್ನು ಒಂದು ಕಡೆಗೆ ಎಳೆದಿಡುವ ಸಣ್ಣ ಸ್ಪ್ರಿಂಗ್ ಕಾಣುತ್ತದೆಯಲ್ಲ, ಅದು ಡಯಲ್ ಮಾಡುವಾಗ ಗಂಟೆ ಟಿಣ್ ಟಿಣ್ ಅನ್ನದಂತೆ ತಡೆಯಲು ಇರುವುದು. ಓಎನ್‌ಟಿಗಳು ಹಳೆಯ ಎಕ್ಸ್‌ಚೇಂಜಿಗಿಂತ ಕಡಿಮೆ ವೋಲ್ಟೇಜಿನಲ್ಲಿ ಗಂಟೆ ಬಾರಿಸುವುದರಿಂದ ಈ ಸ್ಪ್ರಿಂಗ್ ಬಿಗಿಯಾಗಿದ್ದರೆ ನಾಲಿಗೆ ಅಲುಗುವುದೇ ಇಲ್ಲ. ಒಂದು ಹಂತ ಸಡಿಲಿಸಿ ನೋಡಿ. ಒಂದು ಪೋರ್ಟಿಗೆ ಇಂಥ ಒಂದೇ ಫೋನು ಹಚ್ಚಿ. ಎರಡು ಹಚ್ಚಿದರೆ ಎರಡೂ ಸರಿಯಾಗಿ ಬಾರಿಸುವುದಿಲ್ಲ.

ಮೈಕು

ಮೌತ್‌ಪೀಸ್ ಬಿಚ್ಚಿದರೆ ಒಳಗೆ ಬೀಳುವ ಬಿಲ್ಲೆಯೇ ಕಾರ್ಬನ್ ಕ್ಯಾಪ್ಸೂಲ್. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ರಾಗಿ ಕಾಳು ತುಂಬಿದ ಡಬ್ಬಿಯಂಥ ಸಣ್ಣ ಸದ್ದು ಬರಬೇಕು. ಕಾರ್ಬನ್ ಕಣಗಳ ಮೇಲೆ ಪೊರೆ ಒತ್ತಿದಾಗ ಕಣಗಳು ಹತ್ತಿರ ಬಂದು ಕರೆಂಟು ಹೆಚ್ಚು ಹರಿಯುತ್ತದೆ, ಬಿಟ್ಟಾಗ ಕಡಿಮೆ. ಮಾತು ಹೀಗೆ ಕರೆಂಟಿನ ಏರಿಳಿತವಾಗುತ್ತದೆ. 1870ರ ದಶಕದ ಈ ಉಪಾಯ ನೂರು ವರ್ಷ ಬಾಳಿತು. ಕಾರಣ ಸರಳ, ಇದು ಮೈಕೂ ಹೌದು ಆಂಪ್ಲಿಫೈಯರೂ ಹೌದು. ಸಣ್ಣ ಧ್ವನಿಯು ಬ್ಯಾಟರಿಯ ದೊಡ್ಡ ಕರೆಂಟನ್ನು ಆಡಿಸುತ್ತದೆ.

ಬಹುಕಾಲ ಒಂದೇ ಭಂಗಿಯಲ್ಲಿ ಬಿದ್ದಿದ್ದರೆ ಕಣಗಳು ಗಟ್ಟಿಯಾಗಿ ಕೂತು ಧ್ವನಿ ಮಂಕಾಗುತ್ತದೆ. ಕ್ಯಾಪ್ಸೂಲನ್ನು ಹೊರತೆಗೆದು, ಮಡಚಿದ ಬಟ್ಟೆಯ ಮೇಲೆ ಅಂಚಿನಿಂದ ಹತ್ತು ಹದಿನೈದು ಸಲ ಮೆಲ್ಲಗೆ ತಟ್ಟುತ್ತಾ ತಿರುಗಿಸಿ. ಮೀಟರಿನಲ್ಲಿ 30ರಿಂದ 300 ಓಮ್ ನಡುವೆ ಬಂದು ಊದಿದಾಗ ಏರಿಳಿದರೆ ಬದುಕಿದೆ. ತೇವ ಹೀರಿದ ಕಣಗಳು ಕರಕರ ಅನ್ನುತ್ತವೆ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿ ಒಂದು ವಾರ ಇಡಿ, ಒಲೆಯ ಮೇಲೆ ಕಾಯಿಸಬೇಡಿ. ಅದೂ ಫಲಿಸದಿದ್ದರೆ ಕಾರ್ಬನ್ ಬಿಲ್ಲೆಯ ಜಾಗದಲ್ಲೇ ಕೂರುವ ಎಲೆಕ್ಟ್ರೆಟ್ ಕ್ಯಾಪ್ಸೂಲ್ ಹಾಕಬಹುದು. ಧ್ವನಿ ಶುಭ್ರವಾಗುತ್ತದೆ. ಆದರೆ ಹಳೆಯ ಫೋನಿನ ಆ ಒರಟು, ಹತ್ತಿರದ ಧ್ವನಿ ಹೋಗುತ್ತದೆ. ಕಾರ್ಬನ್ ಬದುಕಿದ್ದರೆ ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

ಕಿವಿಯ ಕಡೆಯ ಬಿಲ್ಲೆಯಲ್ಲಿ ಕೆಡುವಂಥದ್ದು ಕಡಿಮೆ. ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಅಂಟಿದ್ದರೆ ಅಂಟುಟೇಪಿನಿಂದ ಎತ್ತಿ.

ಡಯಲ್

ಫೋನಿನ ಜೀವ ಇಲ್ಲಿದೆ. ಅಮೆರಿಕದ ಕಾನ್ಸಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯಾಪಾರ ಮಾಡುತ್ತಿದ್ದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಪೇಟೆಂಟ್ ಪಡೆದ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಬೇಕಿರಲಿಲ್ಲ, ಚಂದಾದಾರನೇ ಯಂತ್ರವನ್ನು ನಡೆಸುತ್ತಿದ್ದ. ಮೊದಲು ಅದಕ್ಕೆ ಒತ್ತುವ ಗುಂಡಿಗಳಿದ್ದವು, ತಿರುಗಿಸುವ ಡಯಲ್ ಬಂದದ್ದು 1896ರ ಹೊತ್ತಿಗೆ. ಐಟಿಐ ಶುರುವಿನಲ್ಲಿ ಕಟ್ಟಿದ್ದೂ ಸ್ಟ್ರೌಜರ್ ಮಾದರಿಯ ಎಕ್ಸ್‌ಚೇಂಜುಗಳನ್ನೇ. ಅದರಲ್ಲಿ ಚಂದಾದಾರನ ತಂತಿಯನ್ನು ಆರಿಸುವ ಕೊನೆಯ ಸೆಲೆಕ್ಟರ್‌ನಲ್ಲಿ ಹತ್ತು ಮಹಡಿ, ಮಹಡಿಗೆ ಹತ್ತು ಮನೆ. ನೀವು 4 ತಿರುಗಿಸಿದರೆ ಲೋಹದ ಕೈ ನಾಲ್ಕು ಮಹಡಿ ಏರುತ್ತಿತ್ತು, 7 ತಿರುಗಿಸಿದರೆ ಅದೇ ಮಹಡಿಯಲ್ಲಿ ಏಳು ಹೆಜ್ಜೆ ತಿರುಗಿ ನಿಲ್ಲುತ್ತಿತ್ತು. 47ನೇ ಚಂದಾದಾರನ ತಂತಿ ಅಲ್ಲಿತ್ತು. ನಿಮ್ಮ ಬೆರಳು ಬಿಟ್ಟ ಡಯಲ್ ಎಲ್ಲೋ ಇದ್ದ ಯಂತ್ರವನ್ನು ನೇರವಾಗಿ ಕುಣಿಸುತ್ತಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ ಡಯಲಿನ ಅಳತೆಗಳೆಲ್ಲ ಅರ್ಥವಾಗುತ್ತವೆ.

ತಿರುಗಿಸುವಾಗ ಏನೂ ಹೋಗುವುದಿಲ್ಲ, ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ ಅಷ್ಟೆ. ಬಿಟ್ಟ ಮೇಲೆ ಮರಳುವಾಗ ಪಾಯಿಂಟು ತೆರೆದು ಮುಚ್ಚಿ ಲೈನಿನ ಕರೆಂಟನ್ನು ಕತ್ತರಿಸುತ್ತದೆ. 1ಕ್ಕೆ ಒಂದು ಸಲ, 9ಕ್ಕೆ ಒಂಬತ್ತು, 0ಗೆ ಹತ್ತು. ಹೀಗೆ ಒಮ್ಮೆ ಕತ್ತರಿಸಿ ಕೂಡಿಸುವುದೇ ಒಂದು ಪಲ್ಸ್. ವೇಗ ಸೆಕೆಂಡಿಗೆ ಹತ್ತು ಪಲ್ಸ್. ಒಂದೊಂದು ಪಲ್ಸಿನಲ್ಲಿ ಸುಮಾರು 67 ಮಿಲಿಸೆಕೆಂಡ್ ತೆರೆದು 33 ಮಿಲಿಸೆಕೆಂಡ್ ಮುಚ್ಚಿರುತ್ತದೆ. ಇದಕ್ಕಿಂತ ವೇಗವಾದರೆ ಎಕ್ಸ್‌ಚೇಂಜಿನ ಕೈ ಏರಲು ಸಮಯ ಸಾಲದು, ನಿಧಾನವಾದರೆ ಫೋನ್ ಇಟ್ಟರು ಎಂದು ತಿಳಿದು ಕೈ ಕೆಳಗೆ ಬೀಳುತ್ತದೆ. ಕ್ರೇಡಲ್ ತಟ್ಟಿದಾಗ ನಂಬರು ಹೋಗುತ್ತಿದ್ದದ್ದು ಇದಕ್ಕೇ, ಅಲ್ಲೂ ನಡೆಯುವುದು ಕರೆಂಟು ಕತ್ತರಿಸುವ ಕೆಲಸವೇ. ಡಯಲ್ ಮರಳುವ ಹಾದಿಯಲ್ಲಿ ಎರಡು ಪಲ್ಸಿನಷ್ಟು ದೂರ ಸುಮ್ಮನೆ ಸಾಗುತ್ತದೆ. ಅದು ತಪ್ಪಲ್ಲ. ಒಂದು ಅಂಕಿ ಮುಗಿದು ಮುಂದಿನದು ಬರುವ ಮುಂಚೆ ಎಕ್ಸ್‌ಚೇಂಜು ಖಾಲಿ ದಾರಿ ಹುಡುಕಿಕೊಳ್ಳಲು ಕೊಟ್ಟ ಬಿಡುವು ಅದು.

ವೇಗ ಅಳೆಯಲು ಮೊಬೈಲ್ ಸಾಕು. ಕವಚ ತೆಗೆದ ಫೋನಿನ ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡಿ, 0 ತಿರುಗಿಸಿ ಬಿಡಿ. ಧ್ವನಿಯ ಅಲೆ ತೋರಿಸುವ ಆ್ಯಪ್‌ನಲ್ಲಿ ಹತ್ತು ಟಿಕ್‌ಗಳು ಕಾಣುತ್ತವೆ. ಮೊದಲನೆಯದರಿಂದ ಹತ್ತನೆಯದಕ್ಕೆ 0.9 ಸೆಕೆಂಡ್ ಇರಬೇಕು, ಏಕೆಂದರೆ ನಡುವೆ ಇರುವುದು ಒಂಬತ್ತೇ ಅಂತರ. 0.82ರಿಂದ 1 ಸೆಕೆಂಡ್ ಒಳಗಿದ್ದರೆ ಮುಟ್ಟಬೇಡಿ.

ವೇಗವನ್ನು ಹಿಡಿದಿಡುವುದು ಗವರ್ನರ್. ಹಿಂಬದಿಯಲ್ಲಿ ಸೂಜಿಯಷ್ಟು ತೆಳ್ಳನೆಯ ಅಚ್ಚಿನ ಮೇಲೆ ಎರಡು ಪುಟ್ಟ ತೂಕಗಳು, ಅವುಗಳ ಸುತ್ತ ಲೋಹದ ಬಟ್ಟಲು. ವೇಗ ಹೆಚ್ಚಿದಂತೆ ತೂಕಗಳು ಹೊರಗೆ ಚಾಚಿ ಬಟ್ಟಲಿಗೆ ಉಜ್ಜುತ್ತವೆ, ವೇಗ ಇಳಿಯುತ್ತದೆ. ಡಯಲ್ ನಿಧಾನವಾಗಿದ್ದರೆ ಅಚ್ಚು ಮತ್ತು ಹಲ್ಲಿನ ಚಕ್ರಗಳಲ್ಲಿ ಗ್ರೀಸು ಒಣಗಿದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬ್ರಷ್ಷಿನಿಂದ ತೊಳೆದು, ಒಣಗಿದ ಮೇಲೆ ಹೊಲಿಗೆಯಂತ್ರದ ಎಣ್ಣೆಯನ್ನು ಗುಂಡುಸೂಜಿಯ ತುದಿಯಲ್ಲಿ ತೆಗೆದು ಅಚ್ಚಿನ ಎರಡು ತುದಿಗೆ ಮಾತ್ರ ತಾಗಿಸಿ. ಡಬ್ಬಿಯಿಂದ ಸುರಿದರೆ ಎಣ್ಣೆ ಬಟ್ಟಲೊಳಗೆ ಹೋಗಿ ಉಜ್ಜುವಿಕೆ ತಪ್ಪುತ್ತದೆ, ಡಯಲ್ ಹುಚ್ಚೆದ್ದು ಓಡುತ್ತದೆ. ಎಣ್ಣೆ ಹಾಕಿದ ಮೇಲೆ ವೇಗ ಹೆಚ್ಚಾಯಿತು ಎಂದು ತೂಕದ ಸ್ಪ್ರಿಂಗ್ ಬಗ್ಗಿಸುವವರಿದ್ದಾರೆ. ಅದು ತಪ್ಪು, ಬಟ್ಟಲನ್ನು ಆಲ್ಕೋಹಾಲಿನಲ್ಲಿ ಒರೆಸಿ ಒಣಗಿಸಿದರೆ ಸಾಕು. ಪಾಯಿಂಟುಗಳ ಮೇಲೆ ಡಬ್ಲ್ಯುಡಿ-40 ಸಿಂಪಡಿಸಬೇಡಿ, ಮರಳು ಕಾಗದ ಉಜ್ಜಬೇಡಿ. ಆಲ್ಕೋಹಾಲಿನಲ್ಲಿ ನೆನೆಸಿದ ವಿಸಿಟಿಂಗ್ ಕಾರ್ಡಿನ ಪಟ್ಟಿಯನ್ನು ಪಾಯಿಂಟುಗಳ ನಡುವೆ ಇಟ್ಟು ಹಗುರವಾಗಿ ಒತ್ತಿ ಎಳೆಯಿರಿ, ಕರಿ ಗೆರೆ ಬರುವುದು ನಿಲ್ಲುವವರೆಗೆ.

ಇನ್ನೊಂದು ಜೋಡಿ ಪಾಯಿಂಟು ಡಯಲ್ ತನ್ನ ಜಾಗ ಬಿಟ್ಟ ತಕ್ಷಣ ಕೂಡಿಕೊಂಡು ಮೈಕು ಮತ್ತು ಕಿವಿಬಿಲ್ಲೆಯನ್ನು ಬದಿಗಿಡುತ್ತದೆ. ಡಯಲ್ ಮಾಡುವಾಗ ಕಿವಿಯಲ್ಲಿ ಜೋರು ಟಕಟಕ ಕೇಳಿಸಿದರೆ ಇದು ಕೂಡುತ್ತಿಲ್ಲ. ಡಯಲ್ ಮರಳಿದ ಮೇಲೂ ಧ್ವನಿಯೇ ಇಲ್ಲದಿದ್ದರೆ ಇದು ಬಿಟ್ಟುಕೊಳ್ಳುತ್ತಿಲ್ಲ.

ಲೈನಿಗೆ ಹಚ್ಚುವುದು

ಮೊದಲು ಮನೆಯ ಹಳೆಯ ಟೆಲಿಫೋನ್ ವೈರಿಂಗ್ ನೋಡಿ. ಅದನ್ನೇ ಬಳಸುವುದಾದರೆ ಹೊರಗಿನ ಕಂಬದಿಂದ ಬರುವ ತಾಮ್ರದ ಜೋಡಿಯನ್ನು ಪೆಟ್ಟಿಗೆಯಲ್ಲಿ ಬಿಡಿಸಲೇಬೇಕು. ಆ ತಂತಿಯಲ್ಲಿ ಇನ್ನೂ ವೋಲ್ಟೇಜಿದ್ದರೆ ಓಎನ್‌ಟಿಯ ಫೋನ್ ಪೋರ್ಟು ಸುಡುತ್ತದೆ, ಇಲ್ಲದಿದ್ದರೂ ಸಿಡಿಲಿಗೆ ದಾರಿ ಮಾಡಿಕೊಟ್ಟಂತೆ.

ಓಎನ್‌ಟಿಯಲ್ಲಿ ಫೋನ್ ಪೋರ್ಟಿನ ದೀಪ ಉರಿಯುತ್ತಿರಬೇಕು, ಅಂದರೆ ಧ್ವನಿ ಸೇವೆ ನೋಂದಣಿಯಾಗಿದೆ. ಫೋನು ಹಚ್ಚಿ ಎತ್ತಿ, ಡಯಲ್ ಟೋನ್ ಬರಬೇಕು. ಮೊಬೈಲಿನಿಂದ ನಿಮ್ಮ 080 ನಂಬರಿಗೆ ಕರೆ ಮಾಡಿ ಗಂಟೆ, ಮಾತು ಎರಡೂ ನೋಡಿ. ಇಷ್ಟಕ್ಕೆ ಬೇರೆ ಏನೂ ಬೇಕಿಲ್ಲ.

ಹೊರಗೆ ಕರೆ ಮಾಡುವುದು ಬೇರೆ ಮಾತು. ಅನೇಕ ಓಎನ್‌ಟಿಗಳು ಪಲ್ಸ್ ಎಣಿಸುವುದೇ ಇಲ್ಲ, 1963ರಲ್ಲಿ ಅಮೆರಿಕದ ಬೆಲ್ ಕಂಪನಿ ತಂದ ಗುಂಡಿ ಫೋನಿನ ಜೋಡಿಸ್ವರಗಳು ಮಾತ್ರ ಅವಕ್ಕೆ ಅರ್ಥವಾಗುತ್ತವೆ. 2 ತಿರುಗಿಸಿದ ಮೇಲೂ ಡಯಲ್ ಟೋನ್ ನಿಲ್ಲದಿದ್ದರೆ ನಿಮ್ಮದು ಅಂಥದ್ದು. ಪರೀಕ್ಷೆಗೆ 1 ಬಳಸಬೇಡಿ. ಕ್ರೇಡಲನ್ನು ಕ್ಷಣಕಾಲ ಒತ್ತಿಬಿಡುವ ಸಂಕೇತಕ್ಕೆ ಫ್ಲ್ಯಾಶ್ ಎನ್ನುತ್ತಾರೆ. ಪೆಟ್ಟಿಗೆಯ ಫ್ಲ್ಯಾಶ್ ಅವಧಿ 67 ಮಿಲಿಸೆಕೆಂಡಿಗಿಂತ ಕಡಿಮೆಯಿಂದ ಶುರುವಾಗುವಂತೆ ಇಟ್ಟಿದ್ದರೆ ಒಂದು ಪಲ್ಸನ್ನೇ ಅದು ಫ್ಲ್ಯಾಶ್ ಎಂದು ಓದುತ್ತದೆ. ಸೆಟ್ಟಿಂಗ್ ಸಿಕ್ಕರೆ ಕನಿಷ್ಠವನ್ನು 200 ಮಿಲಿಸೆಕೆಂಡಿಗೆ ಏರಿಸಿ.

ಪಲ್ಸ್ ಎಣಿಸದ ಪೆಟ್ಟಿಗೆಗೆ ದಾರಿಗಳಿವೆ. ಫೋನಿಗೂ ಪೋರ್ಟಿಗೂ ನಡುವೆ ಪಲ್ಸನ್ನು ಟೋನ್ ಮಾಡುವ ಪರಿವರ್ತಕ ಕೂರಿಸುವುದು ಎಲ್ಲಕ್ಕಿಂತ ನೇರ, ಫೋನಿನ ಒಳಗೆ ಏನೂ ಬದಲಾಗುವುದಿಲ್ಲ. ಇಂಟರ್ನೆಟ್ ಮೇಲೆ ಕರೆ ಮಾಡುವ ಎಸ್‌ಐಪಿ ಖಾತೆಯ ವಿವರ ನಿಮ್ಮ ಕೈಯಲ್ಲಿದ್ದರೆ, ಹಳೆ ಫೋನನ್ನು ಇಂಟರ್ನೆಟ್ಟಿಗೆ ಜೋಡಿಸುವ ಎಟಿಎ ಪೆಟ್ಟಿಗೆಗಳಲ್ಲಿ ಪಲ್ಸ್ ಡಯಲಿಂಗ್ ಬೆಂಬಲಿಸುವಂಥದ್ದು ಇನ್ನೂ ಚೆನ್ನ. ಕೊಳ್ಳುವ ಮುಂಚೆ ಅದರ ಕೈಪಿಡಿಯಲ್ಲಿ ಪಲ್ಸ್ ಎಂಬ ಪದ ಇದೆಯೇ ನೋಡಿ. ಖರ್ಚೇ ಬೇಡವೆಂದರೆ ಟೋನ್ ನುಡಿಸುವ ಮೊಬೈಲ್ ಆ್ಯಪನ್ನು ಮೌತ್‌ಪೀಸಿಗೆ ಹಿಡಿಯಬಹುದು, ಕೋಣೆ ನಿಶ್ಶಬ್ದವಾಗಿದ್ದರೆ ಹೆಚ್ಚಾಗಿ ಕೆಲಸ ಮಾಡುತ್ತದೆ. ಫೋನಿನೊಳಗೇ ಮೈಕ್ರೋಕಂಟ್ರೋಲರ್ ಕೂರಿಸುವ ವಿಧಾನವೂ ಇದೆ. ಅದಕ್ಕೆ ಡಯಲಿನ ಮೂಲ ತಂತಿ ಬಿಡಿಸಬೇಕು, ಹಾಗಾಗಿ ಈ ಕೆಲಸಕ್ಕೆ ಅದು ಬೇಡ.

ಡಯಲಿನಿಂದ ಮೊಬೈಲಿಗೆ ಕರೆ ಮಾಡುವಾಗ ಮುಂದೆ 0 ಸೇರಿಸುವುದು ಮರೆಯಬೇಡಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿಗೆ ಅದು ಕಡ್ಡಾಯ. ಹನ್ನೊಂದು ಅಂಕಿ, ಅದೂ 9 ಮತ್ತು 8 ಹೆಚ್ಚಿರುವ ನಂಬರು ತಿರುಗಿಸಿ ಮುಗಿಸಲು ಅರ್ಧ ನಿಮಿಷದ ಹತ್ತಿರ ಹಿಡಿಯಬಹುದು. ಅಂಕಿಗಳ ನಡುವೆ ಹೆಚ್ಚು ಹೊತ್ತು ತಡೆದರೆ ಪೆಟ್ಟಿಗೆ ನಂಬರು ಮುಗಿಯಿತೆಂದು ಅರ್ಧಕ್ಕೇ ಕಳಿಸಿಬಿಡುತ್ತದೆ. ಅಂಕಿಗಳ ನಡುವಿನ ಕಾಯುವ ಅವಧಿಯನ್ನು 5 ಸೆಕೆಂಡಿಗೆ ಏರಿಸಿ. ಬ್ಯಾಂಕಿನವರು 'ಕನ್ನಡಕ್ಕಾಗಿ ಒಂದನ್ನು ಒತ್ತಿ' ಅಂದಾಗ ಪರಿವರ್ತಕ ಇಲ್ಲದ ಡಯಲ್ ಸಹಾಯಕ್ಕೆ ಬಾರದು, ಪಲ್ಸ್ ನಿಮ್ಮ ಪೆಟ್ಟಿಗೆಯಾಚೆ ಹೋಗುವುದೇ ಇಲ್ಲ. ಪರೀಕ್ಷೆಗೆಂದು 112 ತಿರುಗಿಸಬೇಡಿ, ನಿಮ್ಮದೇ ಮೊಬೈಲಿಗೆ ಮಾಡಿ.

ಫೈಬರ್ ಲೈನೇ ಇಲ್ಲದ ಮನೆಯಲ್ಲೂ ಎರಡು ಫೋನಿದ್ದರೆ ಮಾತು ಕೇಳಿಸಬಹುದು. 12 ವೋಲ್ಟ್ ಬ್ಯಾಟರಿಯ ಒಂದು ತುದಿಯಿಂದ ಮೊದಲ ಫೋನು, ಅದರಿಂದ ಎರಡನೆಯದು, ಅಲ್ಲಿಂದ ಬ್ಯಾಟರಿಯ ಇನ್ನೊಂದು ತುದಿ, ಹೀಗೆ ಒಂದೇ ಸುತ್ತು. ಎರಡೂ ರಿಸೀವರ್ ಎತ್ತಿದಾಗ ಸುಮಾರು 30 ಮಿಲಿಯಾಂಪ್ ಹರಿದು ಒಂದು ಕೋಣೆಯ ಮಾತು ಇನ್ನೊಂದಕ್ಕೆ ಕೇಳಿಸುತ್ತದೆ. ಗಂಟೆ ಬಾರಿಸುವುದಿಲ್ಲ. ಮಕ್ಕಳಿಗೆ ಕರೆಂಟೇ ಮಾತಾಗುವುದನ್ನು ತೋರಿಸಲು ಇದಕ್ಕಿಂತ ನೇರವಾದದ್ದಿಲ್ಲ. ಈ ಸುತ್ತಿಗೆ ಮೀಟರನ್ನೂ ಸೇರಿಸಿ ಡಯಲ್ ತಿರುಗಿಸಿದರೆ ಅಂಕಿ ಬಿದ್ದು ಏಳುವುದು ಕಣ್ಣಿಗೇ ಕಾಣುತ್ತದೆ.

ಕವಚ ಮುಚ್ಚುವ ಮುಂಚೆ ಒಂದು ಚೀಟಿಯಲ್ಲಿ ಯಾವ ಟರ್ಮಿನಲ್ಲಿನ ತಂತಿ ಎಲ್ಲಿಗೆ, ಏನು ಬದಲಿಸಿದಿರಿ, ಯಾವ ದಿನ ಎಂದು ಪೆನ್ಸಿಲ್ಲಿನಲ್ಲಿ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ತೆಗೆದ ಹಳೆಯ ಸ್ಕ್ರೂ, ಕವೆ, ಕ್ಯಾಪ್ಸೂಲ್ ಇದ್ದರೆ ಪುಟ್ಟ ಪೊಟ್ಟಣದಲ್ಲಿ ಕಟ್ಟಿ, ಚೀಟಿಯ ಜೊತೆ ತಳದ ಖಾಲಿ ಮೂಲೆಯಲ್ಲಿ ಟೇಪ್ ಹಾಕಿ. ಗಂಟೆಯ ನಾಲಿಗೆಗೆ ಅದು ತಾಗದಂತೆ ನೋಡಿಕೊಂಡು ಸ್ಕ್ರೂ ಬಿಗಿಯಿರಿ.